ಕಾಲೇಜಿನ ಜಾಲತಾಣವನ್ನು ಮರುಜೋಡಿಸುವುದು ಹೇಗೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಉಪನ್ಯಾಸಕ, ಜಾಲತಾಣದ ಹೊಣೆಯೂ ನನ್ನದೇ. ಮುಖಪುಟದ ಮೆನುವಿನಲ್ಲಿ 19 ಕೊಂಡಿಗಳಿದ್ದರೂ ವಿದ್ಯಾರ್ಥಿಗಳು ಶುಲ್ಕದ ವಿವರ ಕೇಳಿಕೊಂಡು ಕಚೇರಿಗೇ ಬರುತ್ತಾರೆ. ಕಾಲೇಜುಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ಮೊದಲು ಇದನ್ನು ಹೇಗೆ ಸರಿಪಡಿಸಲಿ?

ಉತ್ತರ: ನಿಮ್ಮ ಮೆನು ಬಹುಶಃ ಕಾಲೇಜಿನ ಆಡಳಿತ ವ್ಯವಸ್ಥೆಯನ್ನೇ ಅನುಸರಿಸಿ ಬೆಳೆದಿದೆ, ಆದರೆ ಪಿಯುಸಿ ಮುಗಿಸಿ ಬಂದ ಹುಡುಗಿಗೆ ಶುಲ್ಕದ ವಿವರ ಯಾವ ವಿಭಾಗದ ಪುಟದಲ್ಲಿರುತ್ತದೆ ಎಂಬುದು ತಿಳಿದಿರುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಮೊದಲು ಪ್ರತಿಯೊಂದು ಪುಟದ ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಏಳೆಂಟು ವಿದ್ಯಾರ್ಥಿಗಳಿಗೆ ಬೇರೆ ಬೇರೆಯಾಗಿ ಕೊಟ್ಟು, ತಮಗೆ ಹೊಂದುವಂತೆ ಗುಂಪು ಮಾಡಿ ಹೆಸರಿಡಲು ಹೇಳಿ. ವಿನ್ಯಾಸಕಾರರು ಇದನ್ನು ಕಾರ್ಡ್ ಸಾರ್ಟಿಂಗ್ ಎನ್ನುತ್ತಾರೆ. 'ಅಕಾಡೆಮಿಕ್ಸ್' ಎಂದು ನೀವು ಕರೆದುದನ್ನು ಅವರು 'ಕೋರ್ಸು, ಪರೀಕ್ಷೆ' ಎಂದರೆ, ಅವರ ಮಾತನ್ನೇ ಉಳಿಸಿಕೊಳ್ಳಿ.

ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ವರದಿಗಳಿಗೆ ಪ್ರತ್ಯೇಕ ವಿಭಾಗವಿರಲಿ, ಆದರೆ ಅದು ಪ್ರವೇಶಾತಿಯ ಜಾಗವನ್ನು ಕಬಳಿಸದಿರಲಿ. ಹಳೆಯ ಪುಟಗಳ ವಿಳಾಸ ಬದಲಾಯಿಸುವಾಗ ಮಾತ್ರ ಬಹಳ ಎಚ್ಚರ ಬೇಕು: ನ್ಯಾಕ್‌ಗೆ ಈಗಾಗಲೇ ಸಲ್ಲಿಸಿದ ವಾರ್ಷಿಕ ವರದಿಗಳಲ್ಲಿ ಆ ಕೊಂಡಿಗಳನ್ನೇ ಕೊಟ್ಟಿರುತ್ತೀರಿ, ಅವು ಮುರಿದರೆ ಪುರಾವೆಯೇ ಕಾಣದಂತಾಗುತ್ತದೆ, ಆದ್ದರಿಂದ ಪ್ರತಿ ಹಳೆಯ ವಿಳಾಸವನ್ನೂ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ಮೂಲಕ ಹೊಸದಕ್ಕೆ ಜೋಡಿಸಿಡಿ. ಶುಲ್ಕದ ಪಟ್ಟಿಯನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಸದೆ, ಯೂನಿಕೋಡ್ ಕನ್ನಡದಲ್ಲಿ ಪುಟದಲ್ಲೇ ಟೈಪಿಸಿ ಹಾಕಿ. ಆಗ ಮೊಬೈಲಿನಲ್ಲೂ ಓದಬಹುದು, ಹುಡುಕಿದರೂ ಸಿಗುತ್ತದೆ. ಮುಖಪುಟದಲ್ಲಿ ಓಡುವ ಸೂಚನಾಪಟ್ಟಿ ಇದ್ದರೆ ದಯವಿಟ್ಟು ನಿಲ್ಲಿಸಿ.