ಆ ಮೂಲೆಗೆ ಕಚರಾ ತರುವವರು ಯಾರು?

ಬೆಳಗಾವಿಯ ವಡಗಾವಿಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಓಣಿಯ ಮೂಲೆಯ ಖಾಲಿ ಸೈಟು ಕಚರಾ ಗುಡ್ಡೆಯಾಗಿದೆ. ನಾವೇ ರೊಕ್ಕ ಕೂಡಿಸಿ ಎರಡು ಸಲ ಜೆಸಿಬಿ ತರಿಸಿ ತೆಗೆಸಿದೆವು. ಎಂಟು ದಿನಕ್ಕೆ ಮತ್ತೆ ಅಷ್ಟೇ. ದೇವರ ಚಿತ್ರದ ಟೈಲ್ಸ್ ಕೂಡ ಹಚ್ಚಿದೆವು. ಈ ಜನಕ್ಕೆ ನಾಚಿಕೆಯೇ ಇಲ್ಲ. ಕ್ಯಾಮೆರಾ ಹಾಕಿ ದಂಡ ಜಡಿಯುವುದೊಂದೇ ದಾರಿ ಅಲ್ವಾ?’

ಅಕ್ಕಾ, ಸ್ವಂತ ರೊಕ್ಕ ಹಾಕಿ ತೆಗೆಸಿದ ಜಾಗದಲ್ಲಿ ಮರುವಾರವೇ ಕ್ಯಾರಿಬ್ಯಾಗ್ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ದಂಡವೊಂದೇ ದಾರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾರು ತಂದು ಹಾಕುತ್ತಾರೆ, ಯಾವಾಗ, ಯಾಕೆ ಅಂತ ಮೊದಲು ಗೊತ್ತಾಗಬೇಕು.

ನಿಮ್ಮ ಪತ್ರ ಓದಿ ಹೋದ ವಾರ ಎರಡು ದಿನ ಬೆಳಿಗ್ಗೆ ಐದೂವರೆಗೇ ನಿಮ್ಮ ಮೂಲೆಗೆ ಬಂದು ನಿಂತಿದ್ದೆ. ಆರೂಕಾಲಿಗೆ ಒಬ್ಬ ತಾಯಿ ಬಂದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಗಂಟು ಹಾಕಿದ ಕಪ್ಪು ಚೀಲ. ಎಸೆಯಲಿಲ್ಲ, ಬಗ್ಗಿ ಗುಡ್ಡೆಯ ಅಂಚಿಗೆ ಇಟ್ಟರು. ಮಾತಾಡಿಸಿದೆ. ಗಂಡ ಹೆಂಡತಿ ಇಬ್ಬರೂ ಆರೂವರೆಗೆ ಕೆಲಸಕ್ಕೆ ಹೋಗುತ್ತಾರೆ, ಕಚರಾ ಗಾಡಿ ಬರುವುದು ಒಂಬತ್ತಕ್ಕೆ. ‘ಮನ್ಯಾಗ ಇಟ್ರ ಸಂಜಿಮಟ ನಾರತೈತ್ರಿ, ಏನ್ ಮಾಡ್ಲಿ?’ ಅಂದರು. ಅವರಿಗೆ ನಾಚಿಕೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಅವರ ಚೀಲ ಗುಡ್ಡೆಯಲ್ಲಿ ಸಣ್ಣ ಪಾಲು ಅಷ್ಟೇ. ಕೋಲಿನಿಂದ ಕೆದಕಿ ನೋಡಿದೆ: ಮಗ್ಗದ ನೂಲಿನ ತುಂಡು, ಡೈಪರ್, ಒಡೆದ ಟೈಲ್ಸು, ಹಳೇ ಸಿಂಕು, ಅದರ ಕೆಳಗೆ ಒಂದೇ ಥರದ ರಾಶಿ ಥರ್ಮಾಕೋಲ್ ತಾಟು, ಕೆಲವಕ್ಕೆ ಶಿರಾ ಇನ್ನೂ ಅಂಟಿಕೊಂಡಿತ್ತು. ಅದು ಮನೆಯ ಕಸವಲ್ಲ, ಯಾವುದೋ ಕಾರ್ಯಕ್ರಮದ್ದು. ಅಂಥ ತಾಟುಗಳಿಗೆ 2022ರ ಜುಲೈ 1ರಿಂದಲೇ ನಿಷೇಧ ಇದೆ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನ ಸೇರಿಸುವವರು ಮೂರು ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸಬೇಕು, ಕಸ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಮನೆ ಒಡೆದ ಮಣ್ಣುಕಲ್ಲಿಗೆ ಅದೇ ವರ್ಷ ಬೇರೆ ನಿಯಮವೇ ಬಂತು. ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋಗುವವರಿಗೆ ದಂಡ ಬೀಳಲೇಬೇಕು, ಅಲ್ಲಿ ನಾನು ಪೂರ್ತಿ ನಿಮ್ಮ ಜತೆ. ಗಾಡಿ ನಂಬರಿನ ಫೋಟೋ ತೆಗೆದು ದೂರು ಕೊಡಿ.

ಆ ತಾಯಿಗೆ ಮಾತ್ರ ದಂಡ ಬೇಡ, ಗಾಡಿ ಬೇಕು. ವಾರ್ಡಿನ ಆರೋಗ್ಯ ನಿರೀಕ್ಷಕರ ಹತ್ತಿರ ಹೋಗಿ ಆರು ಗಂಟೆಗೆ ಇಲ್ಲವೇ ಸಂಜೆ ಒಂದು ಸುತ್ತು ಕಳಿಸಿ ಅಂತ ಕೇಳೋಣ. ಒಬ್ಬರೇ ಹೋದರೆ ಸುಮ್ನೆ ಕೂತು ಕೇಳಿ ಕಳಿಸಬಹುದು, ಓಣಿಯ ಇಪ್ಪತ್ತು ಮನೆಯ ಸಹಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಅಲ್ಲಿಯವರೆಗೆ ಹಗಲೆಲ್ಲ ಮನೆಯಲ್ಲಿರುವ ಅಜ್ಜಿಯೊಬ್ಬರು ನಾಲ್ಕು ಮನೆಯ ಬಕೆಟ್ ಗಾಡಿಗೆ ಕೊಡಲು ಒಪ್ಪಬಹುದು, ಕೇಳಿ ನೋಡಿ. ಸಂಜೆಮಟ ನಾರುವುದು ಹಸಿ ಕಸವೇ. ತೂತು ಹೊಡೆದ ಹಳೇ ಬಕೆಟ್ಟಿಗೆ ಹಾಕಿ ಮೇಲೆ ಒಣ ಎಲೆ ಮುಚ್ಚಿದರೆ ವಾಸನೆ ಎಷ್ಟೋ ಕಡಿಮೆ.

ದೇವರ ಟೈಲ್ಸ್ ತೆಗೆಸಿಬಿಡಿ. ಚೀಲ ಹತ್ತು ಹೆಜ್ಜೆ ಆಚೆಗೆ ಹೋಗಿದೆ, ಅಷ್ಟೇ. ಈ ಸಲ ಗುಡ್ಡೆ ತೆಗೆಸಿದ ದಿನವೇ ಸೈಟಿನ ಮಾಲೀಕರಿಂದ ತಂತಿ ಬೇಲಿ ಹಾಕಿಸಿ, ಮೂರು ವಾರ ಬೆಳಿಗ್ಗೆ ಮತ್ತು ರಾತ್ರಿ ಪಾಳಿ ಹಾಕಿಕೊಂಡು ಅಲ್ಲಿ ಇಬ್ಬರು ನಿಲ್ಲಬೇಕು. ಜಗಳಕ್ಕಲ್ಲ, ಗಾಡಿಯ ಟೈಮ್ ಹೇಳಲಿಕ್ಕೆ.

ಮಳೆಗಾಲಕ್ಕೆ ಮೊದಲೇ ಇದಾಗಬೇಕು ಅಕ್ಕಾ. ಜೋರು ಮಳೆ ಬಂದರೆ ಆ ಗುಡ್ಡೆ ಗಟಾರಕ್ಕೆ, ಗಟಾರದಿಂದ ನಮ್ಮೂರಿನ ಬಳ್ಳಾರಿ ನಾಲಾ ಅನ್ನುವ ಹಳ್ಳಕ್ಕೆ ಹೋಗುತ್ತದೆ. ನಾಲಾ ಉಕ್ಕಿದರೆ ನೀರಿನ ಜತೆ ನಮ್ಮ ಕ್ಯಾರಿಬ್ಯಾಗ್ ವಡಗಾವಿ, ಶಹಾಪುರದ ರೈತರ ಭತ್ತದ ಗದ್ದೆಗೆ ನುಗ್ಗುತ್ತದೆ. ಬಾಸುಮತಿ ಬೆಳೆಯುವ ಮಣ್ಣು ಅದು.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ನಾನೂ ಬರುತ್ತೇನೆ. ಸಹಿಯ ಹಾಳೆ ತಯಾರು ಮಾಡಿಡಿ. ಮೊದಲ ಸಹಿ ಆ ತಾಯಿಯದ್ದೇ ಹಾಕಿಸೋಣ.