ಸಾಂಕ್ರಾಮಿಕ ರೋಗದ ಕಾಲದಲ್ಲಿ ನರ್ಸ್‌ಗಳು ಕೆಲಸ ಬಿಡದಂತೆ ನೋಡಿಕೊಳ್ಳುವುದು ಹೇಗೆ?

ವಿರಾಜಪೇಟೆ ಕಡೆಯ ಸಣ್ಣ ಖಾಸಗಿ ಆಸ್ಪತ್ರೆಯ ಆಡಳಿತ ವಹಿಸಿಕೊಂಡಿದ್ದೀರಿ. ಕೋವಿಡ್‌ನಂಥ ಕಾಲ ಮತ್ತೆ ಬಂದರೆ ಸಂಬಳ ಹೆಚ್ಚಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಹಾಗೆಂದು ಸಂಬಳದ ಮಾತನ್ನು ಬದಿಗಿಟ್ಟು ಸೇವಾ ಮನೋಭಾವದ ಭಾಷಣ ಮಾಡಿದರೆ ಇನ್ನೂ ಬೇಗ ಹೋಗುತ್ತಾರೆ. ಕೊಡಗಿನಲ್ಲೇ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದವಳು ನಾನು. ರೋಗಕ್ಕೆ ಹೆದರಿ ಬಿಟ್ಟವರು ಕಡಿಮೆ. ಇರಲು ನೆಲೆಯಿಲ್ಲದೆ ಬಿಟ್ಟವರೇ ಹೆಚ್ಚು.

2020ರ ಮಾರ್ಚ್‌ನಲ್ಲಿ ಜಿಲ್ಲೆಯಲ್ಲಿ ಮೊದಲ ಪ್ರಕರಣ ಕಾಣಿಸಿತು. ಅದರ ಬೆನ್ನಲ್ಲೇ ಕೇರಳದ ಗಡಿ ಮುಚ್ಚಿ, ಮಾಕುಟ್ಟದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದರು. ನಮ್ಮಲ್ಲಿ ಇರಿಟ್ಟಿ, ಕಣ್ಣೂರು ಕಡೆಯ ಹುಡುಗಿಯರಿದ್ದರು. ಘಾಟಿ ಇಳಿದರೆ ಊರು, ಆದರೆ ಇಳಿಯುವಂತಿಲ್ಲ. ಇತ್ತ ಕೋವಿಡ್ ವಾರ್ಡಿನ ಡ್ಯೂಟಿ ಎಂದು ಗೊತ್ತಾದೊಡನೆ ಬಾಡಿಗೆ ಮನೆಯವರು ಕೋಣೆ ಖಾಲಿ ಮಾಡಿ ಎಂದರು. ಅದೇ ಹೊತ್ತಿಗೆ ಪ್ರವಾಸಿಗರಿಲ್ಲದೆ ಜಿಲ್ಲೆಯ ಹೋಂಸ್ಟೇಗಳು ಬೀಗ ಹಾಕಿಕೊಂಡಿದ್ದವು! ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು, ಆಸ್ಪತ್ರೆಗೆ ಹತ್ತಿರದ ಹೋಂಸ್ಟೇಯೊಂದರ ಜತೆ ಈಗಲೇ ಬರೆದುಕೊಂಡ ಒಪ್ಪಂದ.

ಅಲ್ಲಿ ಬಟ್ಟೆ ಒಣಗಿಸಲು ಬಿಸಿಯಾದ ಒಂದು ಕೋಣೆ ಇರಲಿ. ನಗಬೇಡಿ. ಜುಲೈ ಮಳೆಯಲ್ಲಿ ಸಮವಸ್ತ್ರ ಮೂರು ದಿನವಾದರೂ ಒಣಗುವುದಿಲ್ಲ, ಕರೆಂಟೂ ಇರುವುದಿಲ್ಲ. ಹಸಿ ಬಟ್ಟೆ ತೊಟ್ಟು, ಮೇಲೆ ಪಿಪಿಇ ಕಿಟ್ ಏರಿಸಿ, ನೀರು ಕುಡಿಯದೆ ಆರು ಗಂಟೆ ನಿಂತವರ ತೊಡೆಸಂದಿ, ಕಂಕುಳು ಉರಿದು ಕೆಂಪಾಗಿದ್ದನ್ನು ನಾನು ಕಂಡಿದ್ದೇನೆ. ಮುಟ್ಟಿನ ದಿನಗಳಲ್ಲಂತೂ ಹೇಳುವುದೇ ಬೇಡ. ಕಿಟ್ ಹಾಕುವ ಪಾಳಿಯನ್ನು ನಾಲ್ಕು ಗಂಟೆಗೆ ಇಳಿಸಿ.

ಸಂಬಳಕ್ಕೆ ಬರೋಣ. ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚನೆಯಾದ ಸಮಿತಿ 2016ರಲ್ಲೇ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತ್ತು. ಇಷ್ಟು ವರ್ಷಗಳ ಮೇಲೂ ಅದಕ್ಕಿಂತ ಕಡಿಮೆ ಕೊಡುತ್ತಿದ್ದರೆ ಮುಂದಿನ ಮಾತೇ ಬೇಡ. ವಿಮೆಯನ್ನು ಆಸ್ಪತ್ರೆಯೇ ಮಾಡಿಸಲಿ. 2020ರ ಕೇಂದ್ರದ 50 ಲಕ್ಷ ರೂಪಾಯಿ ವಿಮೆ ಖಾಸಗಿ ಆಸ್ಪತ್ರೆಯವರಲ್ಲಿ ಸರ್ಕಾರ ಕೋವಿಡ್ ಕೆಲಸಕ್ಕೆ ಪಡೆದುಕೊಂಡವರಿಗಷ್ಟೇ ಅನ್ವಯವಾಗಿತ್ತು, ಎಲ್ಲರಿಗೂ ಅಲ್ಲ. ರೋಗಿಯ ಕಡೆಯವರು ಕೈಮಾಡಿದರೆ ಪೊಲೀಸ್ ದೂರನ್ನೂ ಆಸ್ಪತ್ರೆಯೇ ಕೊಡಲಿ, ಹುಡುಗಿಯನ್ನು ಠಾಣೆಗೆ ಒಬ್ಬಳೇ ಕಳಿಸಬೇಡಿ.

ಡ್ಯೂಟಿ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕಿ, ಹಾಕಿದ ಮೇಲೆ ಮುಟ್ಟಬೇಡಿ. ರಜೆಯನ್ನು ಅವರವರೇ ಹೊಂದಿಸಿಕೊಳ್ಳಲು ಬಿಡಿ. ನಮ್ಮಲ್ಲಿ ಹುತ್ತರಿಗೆ ಕೊಡವ ಹುಡುಗಿಯರು ಮನೆಗೆ ಹೋದರೆ ಮಲಯಾಳಿಗಳು ವಾರ್ಡ್ ನೋಡಿಕೊಳ್ಳುತ್ತಿದ್ದರು, ಕ್ರಿಸ್‌ಮಸ್‌ಗೆ ಅದಲು ಬದಲು. ನಾನು ಸಹಿ ಹಾಕುತ್ತಿದ್ದೆ, ಅಷ್ಟೆ.

ಕೊನೆಯದಾಗಿ, ಅವರ ಮೂಲ ಪ್ರಮಾಣಪತ್ರಗಳು ನಿಮ್ಮ ಬೀರುವಿನಲ್ಲಿದ್ದರೆ ಈ ವಾರವೇ ಹಿಂದಿರುಗಿಸಿ. ಗಲ್ಫ್‌ಗೋ ಜರ್ಮನಿಗೋ ಹೋಗುವವರು ಹೇಗಿದ್ದರೂ ಹೋಗುತ್ತಾರೆ. ಕಾಗದ ಹಿಡಿದಿಟ್ಟ ಕಡೆಗೆ ಯಾರೂ ಮರಳುವುದಿಲ್ಲ; ನಾವು ಕೈಯಾರೆ ಕೊಟ್ಟು ಕಳಿಸಿದವರಲ್ಲಿ ಇಬ್ಬರು 2021ರ ಎರಡನೇ ಅಲೆಯಲ್ಲಿ ಫೋನ್ ಮಾಡಿದೊಡನೆ ಬಂದು ಸೇರಿಕೊಂಡರು.