ಹಳೆಯ ಫಿಯೆಟ್‌ಗೆ ಯಾವ ಸೀಟ್ ಬೆಲ್ಟ್?

ಪ್ರಶ್ನೆ: ಮಾವನವರ 1969ರ ಫಿಯೆಟ್ 1100 ಡಿ ಕಾರನ್ನು ಪೂರ್ತಿ ಬಿಚ್ಚಿ ದುರಸ್ತಿ ಮಾಡಿಸುತ್ತಿದ್ದೇನೆ. ಅದರಲ್ಲಿ ಸೀಟ್ ಬೆಲ್ಟ್ ಇರಲೇ ಇಲ್ಲ. ಇಂಗ್ಲೆಂಡಿನಲ್ಲಿರುವ ಭಾವ ಅದೇ ಕಾಲದ, ಕ್ರೋಮ್ ಬಕಲ್ ಇರುವ ಒಂದು ಜೊತೆ ಬೆಲ್ಟ್ ತಂದುಕೊಟ್ಟಿದ್ದಾರೆ. ನೋಡಲು ಹೊಸದರಂತಿವೆ. ಮೆಕ್ಯಾನಿಕ್ ಮಾತ್ರ ಗುಜರಿಯಿಂದ ಈಗಿನ ಕಾರಿನ ಬೆಲ್ಟ್ ತಂದು ಹಾಕೋಣ ಎನ್ನುತ್ತಾರೆ. ಕಾರನ್ನು ನಾನೂ ನನ್ನ ಹೆಂಡತಿಯೂ ಓಡಿಸುತ್ತೇವೆ. ಯಾವುದು ಸರಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಎರಡೂ ಬೇಡ. ಭಾವ ತಂದದ್ದನ್ನು ಗಾಜಿನ ಕಪಾಟಿನಲ್ಲಿಡಿ. ಐವತ್ತು ವರ್ಷ ದಾಟಿದ ಪಟ್ಟಿಯ ವಯಸ್ಸು ಕಣ್ಣಿಗೆ ಕಾಣುವುದಿಲ್ಲ. ಬಿಸಿಲು ನೂಲನ್ನು ಒಳಗೊಳಗೇ ತಿನ್ನುತ್ತದೆ, ಹೊಲಿಗೆಯ ದಾರ ಸೊರಗುತ್ತದೆ. ಹಿಂದೆ ಯಾರೋ ಬ್ಲೀಚ್ ಹಾಕಿ ತೊಳೆದಿದ್ದರೆ, ಅಪಘಾತದಲ್ಲಿ ಅದು ಒಮ್ಮೆ ಎಳೆತ ತಿಂದಿದ್ದರೆ, ಈಗ ಹೇಳುವವರು ಯಾರು? ಗುಜರಿಯ ಬೆಲ್ಟ್‌ಗೂ ಇದೇ ಮಾತು. ಗುಜರಿಗೆ ಬಂದ ಕಾರು ಏಕೆ ಬಂತು ಎಂದು ಯೋಚಿಸಿ.

ಒಂದು ಲೆಕ್ಕ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ 70 ಕಿಲೋ ತೂಕದ ವ್ಯಕ್ತಿ ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ ಬೆಲ್ಟ್ ಸರಾಸರಿ ಸುಮಾರು 9 ಕ್ವಿಂಟಲ್ ಭಾರ ಹೊರಬೇಕು.

ಆ ಕಾಲದ ವಿನ್ಯಾಸವನ್ನು ನಾನು ಹಳಿಯುತ್ತಿಲ್ಲ. ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಎದೆಯನ್ನೂ ಸೊಂಟವನ್ನೂ ಹಿಡಿದು ಕಾರಿಗೆ ಮೂರು ಕಡೆ ಬಿಗಿದುಕೊಳ್ಳುವ ‘ಮೂರು ಬಿಂದುಗಳ’ ಬೆಲ್ಟ್ 1959ರಲ್ಲೇ ಕಾರಿಗೆ ಬಂದಿತ್ತು. ಇಂದಿನದೂ ಮೂಲದಲ್ಲಿ ಅದೇ. ಆದರೆ ಅಂದಿನ ಬಹುಪಾಲು ಬೆಲ್ಟ್‌ಗಳಿಗೆ ಪಟ್ಟಿಯನ್ನು ತಾನಾಗಿ ಸುತ್ತಿಕೊಳ್ಳುವ ರೀಲ್ ಇರಲಿಲ್ಲ. ಉದ್ದವನ್ನು ಕೈಯಿಂದಲೇ ಹೊಂದಿಸಬೇಕಿತ್ತು. ಬಿಗಿ ಮಾಡಿದರೆ ಚೋಕ್ ಎಳೆಯಲು ಕೈ ಎಟುಕುವುದಿಲ್ಲ, ಎಟುಕಲೆಂದು ಸಡಿಲಿಸಿದರೆ ಬೆಲ್ಟ್ ಇದ್ದೂ ಇಲ್ಲದಂತೆ. ಗಂಡ ಹೆಂಡತಿ ಸರದಿಯಲ್ಲಿ ಓಡಿಸುವ ಕಾರಿನಲ್ಲಿ ಪ್ರತಿ ಸಲವೂ ಇದೇ ಕೆಲಸ. ನಾಲ್ಕನೆಯ ದಿನಕ್ಕೆ ಇಬ್ಬರೂ ಬಿಟ್ಟುಬಿಡುತ್ತೀರಿ.

ನನ್ನ ಸಲಹೆ: ರೀಲ್ ಇರುವ, ಹೊಸದಾಗಿ ತಯಾರಾದ ಮೂರು ಬಿಂದುಗಳ ಬೆಲ್ಟ್. ಹಳೆಯ ಕಾರುಗಳಿಗೆಂದೇ ಕ್ರೋಮ್ ಬಕಲ್ ಇಟ್ಟು ಮಾಡಿದವು ಸಿಗುತ್ತವೆ, ಅಂದವೂ ಉಳಿಯುತ್ತದೆ. ಲೇಬಲ್ಲಿನಲ್ಲಿ ವೃತ್ತದೊಳಗಿನ ಇಂಗ್ಲಿಷ್ ‘E’ ಗುರುತು, ಅಂದರೆ ಸುರಕ್ಷತಾ ಮಾನದಂಡದ ಮುದ್ರೆ, ಇದೆಯೇ ನೋಡಿ. ರೀಲಿನೊಳಗೆ, ಕಾರು ಹಠಾತ್ತನೆ ನಿಂತಾಗ ಪಟ್ಟಿಯನ್ನು ಬಿಗಿಸುವ ಸಣ್ಣ ಗುಂಡು ಅಥವಾ ಲೋಲಕ ಇರುತ್ತದೆ; ತಯಾರಕರು ಹೇಳಿದ ಕೋನದಲ್ಲೇ ಕೂರಿಸದಿದ್ದರೆ ಅದು ಸದಾ ಬಿಗಿದುಕೊಂಡಿರುತ್ತದೆ, ಇಲ್ಲವೇ ಬೇಕಾದಾಗ ಬಿಗಿಯುವುದಿಲ್ಲ.

ಇಷ್ಟಾದರೂ ನನ್ನ ನಿಜವಾದ ಚಿಂತೆ ಬೆಲ್ಟ್ ಅಲ್ಲ, ಅದು ಕಚ್ಚಿಕೊಳ್ಳುವ ತಗಡು. ನಿಮ್ಮದು ಕರಾವಳಿಯ ಕಾರು. ಮಳೆಗಾಲದ ನೀರು ಮ್ಯಾಟ್ ಕೆಳಗೆ ನಿಂತು ನೆಲ ತುಕ್ಕು ಹಿಡಿದಿದ್ದರೆ ಬೋಲ್ಟ್ ಸಮೇತ ಬೆಲ್ಟ್ ಕಿತ್ತು ಬರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗಿಳಿದರೆ ಮೊದಲು ಟಿಂಕರಿಂಗ್. ಬಾಗಿಲುಗಳ ನಡುವಿನ ಪಿಲ್ಲರ್‌ನ ಬರಿಯ ತಗಡಿಗೆ ತೂತು ಕೊರೆದು ವಾಷರ್ ಹಾಕಿದರೆ ಸಾಲದು. ಒಳಗೆ ಸುಮಾರು 3 ಮಿಲಿಮೀಟರ್ ದಪ್ಪದ ಅಗಲವಾದ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಿಸಿ, ಬೆಲ್ಟ್ ಜೊತೆ ಬಂದ ಬೋಲ್ಟನ್ನೇ ಬಳಸಿ. ಮೇಲಿನ ಬಿಂದು ಹೆಗಲಿಗಿಂತ ಕೆಳಗಿರಬಾರದು, ಇದ್ದರೆ ಎಳೆತವೆಲ್ಲ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಇಷ್ಟೆಲ್ಲ ಏಕೆ ಎಂದು ಸೊಂಟದ ಪಟ್ಟಿಯೊಂದನ್ನೇ ಹಾಕಿಸಲು ಹೋಗಬೇಡಿ. ಡಿಕ್ಕಿಯಲ್ಲಿ ದೇಹ ಮಡಚಿಕೊಂಡು ತಲೆ ಸ್ಟೀರಿಂಗ್‌ಗೆ ಬಡಿಯುತ್ತದೆ.

ವಿಂಟೇಜ್ ನೋಂದಣಿಯ ಆಲೋಚನೆ ಇದ್ದರೆ ಇನ್ನೊಂದು ಮಾತು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿನ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಪಿಲ್ಲರ್‌ನೊಳಗೆ ವೆಲ್ಡ್ ಮಾಡುವ ಉಕ್ಕಿನ ಪ್ಲೇಟ್ ಹೊರಗೆ ಕಾಣದಿದ್ದರೂ ಕೊರೆಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಕೆಲಸದ ಫೋಟೊಗಳನ್ನು ತೆಗೆದಿಡಿ. ಇದೆಲ್ಲ ಬಣ್ಣ ಹೊಡೆಸುವುದಕ್ಕೆ ಮೊದಲೇ ಮುಗಿಯಲಿ.